ಹೊಸ ಬಣ್ಣದ ವೈಸ್ ಸಿಟಿ ಕೊಳ್ಳಬೇಕೆ, ಹಳೆಯದನ್ನೇ ಹುಡುಕಬೇಕೆ?

ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಬರುವ ಪತ್ರಗಳಲ್ಲಿ ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಅದಕ್ಕೇ ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ರಿಮಾಸ್ಟರ್ ಎಂದರೆ ಹಳೆಯ ಆಟವನ್ನು ಹೊಸ ಚಿತ್ರಗಳೊಡನೆ ಮತ್ತೆ ತರುವುದು. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಖಾತೆ ತೆರೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಡಿಆರ್‌ಎಂ ಎಂದು ಬಂದಲ್ಲೆಲ್ಲ, ನೀವು ದುಡ್ಡು ಕೊಟ್ಟ ಆಟಕ್ಕೆ ಕಂಪನಿ ಹಾಕಿದ ಬೀಗ ಎಂದು ಓದಿಕೊಳ್ಳಿ.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಜಿಟಿಎ ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಆಡುತ್ತಿದ್ದೆ. ಈಗ ವಿಂಡೋಸ್ 11 ಲ್ಯಾಪ್‌ಟಾಪ್ ಇದೆ. ಡೆಫಿನಿಟಿವ್ ಎಡಿಷನ್ ತಗೊಳ್ಳಲೋ, ಹಳೇದನ್ನೇ ಹುಡುಕಲೋ? ಮನೆಯಲ್ಲಿ ಆ ಕಾಲದ ಒರಿಜಿನಲ್ ಡಿಸ್ಕ್‌ಗಳೂ ಇವೆ, ಓಡುತ್ತಿಲ್ಲ. ಒಮ್ಮೆ ಕೊಂಡರೆ ನೆಟ್ ಇಲ್ಲದೆಯೂ ಯಾವಾಗ ಬೇಕಾದರೂ ಆಡುವಂತಿರಬೇಕು. (ಹಾಸನದ ಓದುಗರು)

ಮೊದಲು ಡಿಸ್ಕಿನ ವಿಷಯ. ಅದಕ್ಕೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಎನ್ನುವವರ ಮಾತು ಕೇಳಬೇಡಿ. ಗೀರಿಲ್ಲದ ಡಿಸ್ಕ್ ಕೂಡ ಇವತ್ತಿನ ವಿಂಡೋಸ್‌ನಲ್ಲಿ ಓಡದಿರಬಹುದು. ಆ ಕಾಲದ ಅನೇಕ ಆಟಗಳಿಗೆ ಸೇಫ್‌ಡಿಸ್ಕ್ ಎಂಬ ಬೀಗ ಹಾಕಿರುತ್ತಿದ್ದರು. ಡ್ರೈವ್‌ನಲ್ಲಿರುವುದು ಅಸಲಿ ಡಿಸ್ಕೇ ಎಂದು ನೋಡಲು ಅದು ವಿಂಡೋಸ್‌ನ ಒಳಗೇ ಒಂದು ಡ್ರೈವರ್ ಕೂರಿಸುತ್ತಿತ್ತು. ಆ ಡ್ರೈವರ್‌ನಲ್ಲಿದ್ದ ಲೋಪ ಹಿಡಿದು ಇಡೀ ಕಂಪ್ಯೂಟರನ್ನು ವಶಕ್ಕೆ ತೆಗೆದುಕೊಳ್ಳಬಹುದು ಎಂಬುದು 2007ರಲ್ಲೇ ಬಯಲಾಯಿತು. 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿತು, ಅದೇ ವರ್ಷ ಹಳೆಯ ವಿಂಡೋಸ್‌ಗಳಲ್ಲೂ ಅಪ್‌ಡೇಟ್ ಮೂಲಕ ನಿಷ್ಕ್ರಿಯಗೊಳಿಸಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಆದರೆ ಪೆಟ್ಟು ಬಿದ್ದದ್ದು ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ. ಬೀಗ ಮುರಿದ ಕಳ್ಳಪ್ರತಿ ಹಿಡಿದವನ ಆಟ ನಿರಾತಂಕವಾಗಿ ಓಡುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಡ್ರೈವರ್ ಫೈಲನ್ನು ಎಲ್ಲಿಂದಲೋ ಇಳಿಸಿ ವಾಪಸ್ ಕೂರಿಸಿ ಎಂದು ಹೇಳಿಕೊಡುವ ವಿಡಿಯೊಗಳಿವೆ. ಬ್ಯಾಂಕ್ ವ್ಯವಹಾರವನ್ನೂ ಮಾಡುವ ಲ್ಯಾಪ್‌ಟಾಪ್‌ನಲ್ಲಿ ದಯವಿಟ್ಟು ಆ ಕೆಲಸ ಮಾಡಬೇಡಿ. ಮೂಲೆಯಲ್ಲಿ ಹಳೆಯ ಎಕ್ಸ್‌ಪಿ ಕಂಪ್ಯೂಟರ್ ಇನ್ನೂ ಜೀವ ಹಿಡಿದಿದ್ದರೆ, ನೆಟ್ ತಂತಿ ಕಿತ್ತು ಅದರಲ್ಲಿ ಆಡಿ. ನಿಮ್ಮ ಡಿಸ್ಕ್‌ಗೆ ಅದೇ ಸರಿಯಾದ ಜಾಗ.

ಇನ್ನು ಡೆಫಿನಿಟಿವ್ ಎಡಿಷನ್. ಜಿಟಿಎ 3, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಮೂರನ್ನೂ ಸೇರಿಸಿದ ಈ ರಿಮಾಸ್ಟರ್ ಕಟ್ಟು ಬಂದದ್ದು 2021ರ ನವೆಂಬರ್ 11ರಂದು. ಅದಕ್ಕೂ ಮೊದಲೇ, ಅಕ್ಟೋಬರ್‌ನಲ್ಲಿ, ಹಳೆಯ ಮೂರು ಆಟಗಳನ್ನು ಡಿಜಿಟಲ್ ಅಂಗಡಿಗಳಿಂದ ಎತ್ತಿಬಿಟ್ಟಿದ್ದರು. ಬಿಡುಗಡೆಯಾದ ಬೆನ್ನಲ್ಲೇ ಈ ಆಟಗಳ ಕಂಪನಿ ರಾಕ್‌ಸ್ಟಾರ್‌ನ ಲಾಂಚರ್, ಅಂದರೆ ಆಟವನ್ನು ತೆರೆದುಕೊಡುವ ಸಾಫ್ಟ್‌ವೇರ್, ನಿಂತುಹೋಯಿತು, ಮರೆತು ಒಳಗೆ ಉಳಿದಿದ್ದ ಫೈಲುಗಳನ್ನು ತೆಗೆಯಬೇಕೆಂದು ಪೀಸಿ ಆವೃತ್ತಿಯ ಮಾರಾಟವನ್ನೂ ತಡೆದರು. ಪೂರ್ತಿ ದುಡ್ಡು ಕಟ್ಟಿ, ಇಡೀ ಆಟವನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಕೂತವರಿಗೂ ಅದು ತೆರೆಯಲಿಲ್ಲ. ನೀವು ಕೇಳಿದ 'ನೆಟ್ ಇಲ್ಲದೆ ಯಾವಾಗ ಬೇಕಾದರೂ' ಎಂಬುದಕ್ಕೆ ಉತ್ತರ ಆ ದಿನಗಳಲ್ಲೇ ಸಿಕ್ಕಿದೆ. ಪೀಸಿಯಲ್ಲಿ ಈ ಕಟ್ಟು ಲಾಂಚರ್‌ನ ಅಪ್ಪಣೆಯಿಲ್ಲದೆ ಏಳುವುದಿಲ್ಲ. ಸ್ಟೀಮ್‌ನಲ್ಲಿ ಕೊಂಡರೂ ಅಷ್ಟೇ, ಹಿಂದೆ ಲಾಂಚರ್ ಇದ್ದೇ ಇರುತ್ತದೆ.

ನೋಟದ ಮಾತಿಗೆ ಬರೋಣ. ಹಳೆಯ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್‌ಗೆ ಕೊಟ್ಟು ಹಿಗ್ಗಿಸಿದ್ದರಿಂದ ಅಂಗಡಿ ಬೋರ್ಡುಗಳ ಕಾಗುಣಿತ ಕೆಟ್ಟಿತ್ತು. ಟಫ್ ನಟ್ ಎಂಬ ಡೋನಟ್ ಅಂಗಡಿಯ ಮೇಲೆ ಆರು ಮೂಲೆಯ ನಟ್ಟಿನ ದೊಡ್ಡ ಗುರುತಿತ್ತು. ಅಂಗಡಿಯ ಹೆಸರಿನ ಸ್ವಾರಸ್ಯವೇ ಆ ನಟ್ಟು. ಅಂಚುಗಳನ್ನು ನುಣುಪು ಮಾಡುವ ಯಂತ್ರ ಅದನ್ನು ದುಂಡಗಿನ ಬಳೆ ಮಾಡಿತು. ಮಳೆ ಬಂದರೆ ಪರದೆಯ ಮೇಲೆ ಬಿಳಿ ಗೆರೆ ಎಳೆದಂತೆ ಕಾಣುತ್ತಿತ್ತು, ಮುಂದಿನ ರಸ್ತೆಯೇ ತೋರುತ್ತಿರಲಿಲ್ಲ. ಒಬ್ಬ ಮನುಷ್ಯ ಕೂತು ಒಂದೊಂದು ಬೋರ್ಡನ್ನೂ ಕಣ್ಣಿಟ್ಟು ನೋಡಿದ್ದರೆ ಇವು ಉಳಿಯುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಮಂಜಿನ ವಿಷಯದಲ್ಲಿ. ಸ್ಯಾನ್ ಆಂಡ್ರಿಯಾಸ್ ಮೊದಲು ಬಂದದ್ದು 2004ರಲ್ಲಿ, ಪ್ಲೇಸ್ಟೇಷನ್ 2 ಯಂತ್ರಕ್ಕೆ. ಆ ಯಂತ್ರದ ಮುಖ್ಯ ಮೆಮೊರಿ 32 ಎಂಬಿ. ದೂರದ ಕಟ್ಟಡಗಳನ್ನೆಲ್ಲ ಒಮ್ಮೆಲೇ ಬಿಡಿಸಿ ತೋರಿಸಲು ಅದರಿಂದ ಆಗದು, ಆದ್ದರಿಂದ ಕಿತ್ತಳೆ ಬಣ್ಣದ ಮಬ್ಬು ಕವಿಸಿ ದೂರವನ್ನು ಮರೆಮಾಡಿದರು. ಬಡತನದಿಂದ ಹುಟ್ಟಿದ ಉಪಾಯವಾದರೂ ಅದು ಆಟದ ಉಸಿರೇ ಆಯಿತು. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಮುಂದಿನ ತಿರುವು ಎಷ್ಟು ದೂರವಿದೆಯೋ ತಿಳಿಯದೆ ಹಾದಿ ಉದ್ದವಾಗುತ್ತದಲ್ಲ, ಹಾಗೆ ಒಂದು ನಗರದಿಂದ ಇನ್ನೊಂದಕ್ಕೆ ಹೋಗುವುದು ದೂರದ ಪ್ರಯಾಣವೇ ಎನ್ನಿಸುತ್ತಿತ್ತು. 2021ರಲ್ಲಿ ಆ ಮಂಜನ್ನು ತೆಗೆದರು. ಮೌಂಟ್ ಚಿಲಿಯಾಡ್ ಬೆಟ್ಟ ಹತ್ತಿ ನಿಂತರೆ ಇಡೀ ರಾಜ್ಯ ಅಂಗೈಯಗಲವಾಗಿ ಕಾಣತೊಡಗಿತು. ಕೆಲವರು ಇದನ್ನೇ ಸುಧಾರಣೆ ಎಂದು ವಾದಿಸುತ್ತಾರೆ. ಅಲ್ಲ. ಹಳೆಯ ಕಲಾವಿದರು ಯಾವ ಮಿತಿಯೊಳಗೆ ಕೆಲಸ ಮಾಡಿದರು, ಅದರಿಂದ ಏನು ಪಡೆದರು ಎಂಬುದನ್ನು ಅರಿಯದೆ ಮಾಡುವ ರಿಮಾಸ್ಟರ್ ಹಾಳು ಮಾಡುವ ಕೆಲಸವೇ.

ಕಂಪನಿ ಕ್ಷಮೆ ಕೇಳಿತು ಎಂಬುದನ್ನೂ ಹೇಳಬೇಕು. ಹಳೆಯ ಆಟಗಳನ್ನು ತನ್ನ ಪೀಸಿ ಅಂಗಡಿಗೆ ಮರಳಿ ತಂದು, 2022ರ ಜೂನ್ 30ರೊಳಗೆ ಅಲ್ಲಿ ಹೊಸ ಕಟ್ಟನ್ನು ಕೊಂಡವರಿಗೆಲ್ಲ ಉಚಿತವಾಗಿ ಕೊಟ್ಟಿತು. 2024ರ ನವೆಂಬರ್‌ನಲ್ಲಿ ಬಂದ ಅಪ್‌ಡೇಟ್‌ನಲ್ಲಿ 'ಕ್ಲಾಸಿಕ್ ಲೈಟಿಂಗ್' ಎಂಬ ಆಯ್ಕೆ ಸೇರಿತು. ಅದನ್ನು ಹಾಕಿದರೆ ಆಕಾಶದ ಹಳೆಯ ಬಣ್ಣ ಬಹುಮಟ್ಟಿಗೆ ಮರಳುತ್ತದೆ. ಇವತ್ತಿನ ಡೆಫಿನಿಟಿವ್ ಎಡಿಷನ್ ಮೊದಲ ದಿನದ್ದಕ್ಕಿಂತ ಎಷ್ಟೋ ವಾಸಿ.

ಹಾಡುಗಳ ಆಸೆ ಮಾತ್ರ ಬಿಡಿ. ಆಟದೊಳಗಿನ ರೇಡಿಯೊ ಹಾಡುಗಳಿಗೆ ಪಡೆದ ಪರವಾನಗಿಗೆ ಅವಧಿ ಇರುತ್ತದೆ. ಅದು ಮುಗಿದದ್ದೇ 2012ರಲ್ಲಿ ವೈಸ್ ಸಿಟಿಯ ಡಿಜಿಟಲ್ ಪ್ರತಿಯಿಂದ ಮೈಕೆಲ್ ಜಾಕ್ಸನ್ನರ 'ಬಿಲ್ಲಿ ಜೀನ್' ಹೋಯಿತು, 2014ರ ಅಪ್‌ಡೇಟ್‌ನಲ್ಲಿ ಸ್ಯಾನ್ ಆಂಡ್ರಿಯಾಸ್‌ನ ಹಲವು ಹಾಡುಗಳು ಹೋದವು. ಎಲ್ಲ ಹಾಡುಗಳೂ ಇರುವುದು ನಿಮ್ಮ ಆ ಹಳೆಯ ಡಿಸ್ಕ್‌ಗಳಲ್ಲಿ. ಅವನ್ನು ಗುಜರಿಗೆ ಹಾಕಬೇಡಿ.

ಒಟ್ಟಿನಲ್ಲಿ ನಿಮಗೆ ನನ್ನ ಸಲಹೆ ಇಷ್ಟು. ಲ್ಯಾಪ್‌ಟಾಪ್‌ನಲ್ಲಿ ಆಡಲೇಬೇಕೆಂದರೆ ಡೆಫಿನಿಟಿವ್ ಎಡಿಷನ್ನನ್ನು ದೊಡ್ಡ ರಿಯಾಯಿತಿ ಬಂದಾಗ ಕೊಳ್ಳಿ, ಕ್ಲಾಸಿಕ್ ಲೈಟಿಂಗ್ ಹಾಕಿಕೊಳ್ಳಿ. ಆದರೆ ಅದು ನಿಮ್ಮದಾಯಿತು ಎಂದುಕೊಳ್ಳಬೇಡಿ. ಡಿಆರ್‌ಎಂ ಇಲ್ಲದ ವೈಸ್ ಸಿಟಿಯನ್ನು ಯಾವ ಅಧಿಕೃತ ಅಂಗಡಿಯೂ ಪೀಸಿಗೆ ಮಾರಿದ್ದನ್ನು ನಾನು ಕಂಡಿಲ್ಲ. 'ಸಿಗುತ್ತದೆ, 200 ಎಂಬಿಗೆ ಇಳಿಸಿದ್ದೇವೆ' ಎನ್ನುವವರು ಆಟದ ಜೊತೆಗೆ ಇನ್ನೇನನ್ನು ನಿಮ್ಮ ಯಂತ್ರಕ್ಕೆ ಇಳಿಸುತ್ತಾರೋ ಹೇಳಲಾಗದು. ಆಂಟಿವೈರಸ್ ಆಫ್ ಮಾಡಿ ಎಂದು ಮೊದಲ ಹೆಜ್ಜೆಯಲ್ಲೇ ಹೇಳುವವನನ್ನು ನಂಬುವುದು ಹೇಗೆ ಎಂದು ನನಗೆ ಅರ್ಥವಾಗುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ರಿಮಾಸ್ಟರ್‌ಗಳೇ ಬೇಡವೆ?

ಹಾಗೆಂದು ನಾನು ಎಲ್ಲೂ ಹೇಳಿಲ್ಲ. ಹಳೆಯದನ್ನು ಕಿತ್ತುಕೊಳ್ಳದ ರಿಮಾಸ್ಟರನ್ನು ಸಂತೋಷದಿಂದ ಕೊಳ್ಳಿ. 2017ರಲ್ಲಿ ಸ್ಟಾರ್‌ಕ್ರಾಫ್ಟ್‌ನ ರಿಮಾಸ್ಟರ್ ತರುವ ಮೊದಲು ಅದರ ಕಂಪನಿ ಬ್ಲಿಜಾರ್ಡ್ ಹಳೆಯ ಆಟವನ್ನೇ ಉಚಿತವಾಗಿ ಬಿಟ್ಟುಕೊಟ್ಟಿತು, ಹೊಸದರಲ್ಲಿ ಎಫ್5 ಒತ್ತಿದರೆ ಹಳೆಯ ಚಿತ್ರವೇ ಬರುತ್ತದೆ. 2021ರ ಡಯಾಬ್ಲೊ 2 ರಿಸರೆಕ್ಟೆಡ್‌ನಲ್ಲಿ ಜಿ ಒತ್ತಿ ನೋಡಿ, ಹೊಸ ಬಣ್ಣದ ಕೆಳಗೆ ಹಳೆಯ ಆಟವೇ ನಡೆಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಅದೇ ಕಂಪನಿ 2020ರಲ್ಲಿ ವಾರ್‌ಕ್ರಾಫ್ಟ್ 3ಕ್ಕೆ ಮಾಡಿದ್ದು ಇದಕ್ಕೆ ನೇರ ವಿರುದ್ಧ. ಅದರ ರಿಮಾಸ್ಟರ್ ರಿಫೋರ್ಜ್ಡ್ ಬಂದ ದಿನ, ಹೊಸದನ್ನು ಕೊಳ್ಳದವರ ಹಳೆಯ ಆಟವನ್ನೂ ಹೊಸ ಸಾಫ್ಟ್‌ವೇರ್‌ನೊಳಕ್ಕೆ ಎಳೆದುಕೊಂಡರು. ಆನ್‌ಲೈನ್ ಶ್ರೇಯಾಂಕ, ಆಟಗಾರರೇ ಕಟ್ಟಿದ ಕಸ್ಟಮ್ ಕ್ಯಾಂಪೇನ್‌ಗಳು ಕಾಣೆಯಾದವು. ಕೊಂಡವರಿಗೆ ದುಡ್ಡು ವಾಪಸ್ ಸಿಕ್ಕಿತು. ಹಳೆಯ ಆಟವನ್ನು ಕಳೆದುಕೊಂಡವರಿಗೆ ಏನು ವಾಪಸ್ ಕೊಡುತ್ತೀರಿ?

ಇನ್ನೊಂದು ಉದಾಹರಣೆ ಬ್ಲೇಡ್ ರನ್ನರ್. 1997ರ ಈ ಆಟದ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದ ಮೂಲ ಪ್ರೋಗ್ರಾಂ, ಕಳೆದುಹೋಗಿತ್ತು. ಸ್ಕಮ್‌ವಿಎಂ ಯೋಜನೆಯ ಸ್ವಯಂಸೇವಕರು ವರ್ಷಗಟ್ಟಲೆ ಕೂತು, ಆಟ ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಅರಿತು, ಇಂದಿನ ಯಂತ್ರಗಳಲ್ಲಿ ಓಡುವಂತೆ ಮಾಡಿದರು. 2019ರ ಡಿಸೆಂಬರ್‌ನಲ್ಲಿ ಅದು ಡಿಆರ್‌ಎಂ ಇಲ್ಲದೆ ಮಾರಾಟಕ್ಕೆ ಬಂತು. 2022ರಲ್ಲಿ 'ಎನ್‌ಹಾನ್ಸ್ಡ್' ಆವೃತ್ತಿ ಬಂದಾಗ ಈ ಒಳ್ಳೆಯ ಪ್ರತಿಯನ್ನು ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿದರು. ಹೊಸದು ಮಸುಕಾಗಿದೆ ಎಂದು ಜನ ಗಲಾಟೆ ಮಾಡಿದ ಮೇಲೆ ಹಳೆಯದು ಮರಳಿತು. ಗಲಾಟೆ ಮಾಡುವುದು ವ್ಯರ್ಥವಲ್ಲ, ಮಾಡಿ.

ಪ್ರಶ್ನೆ: ಗಾಗ್‌ನಲ್ಲಿ ಕೊಂಡರೆ ಆಟ ನಮ್ಮದೇ ಆಗುತ್ತದೆಯೆ? ನಾಳೆ ಅದೇ ಮುಚ್ಚಿಹೋದರೆ?

ಕಾನೂನಿನ ಕಣ್ಣಿಗೆ ಅಲ್ಲಿಯೂ ನೀವು ಕೊಳ್ಳುವುದು ಬಳಸುವ ಪರವಾನಗಿಯನ್ನೇ. ವ್ಯತ್ಯಾಸ ಇರುವುದು ಕೈಗೆ ಏನು ಸಿಗುತ್ತದೆ ಎಂಬುದರಲ್ಲಿ. ಪೋಲೆಂಡಿನಲ್ಲಿ 2008ರಲ್ಲಿ 'ಗುಡ್ ಓಲ್ಡ್ ಗೇಮ್ಸ್' ಎಂಬ ಹೆಸರಿನಲ್ಲಿ ಶುರುವಾದ ಈ ಅಂಗಡಿ, ಯಾರ ಅಪ್ಪಣೆಯನ್ನೂ ಕೇಳದೆ ಇನ್‌ಸ್ಟಾಲ್ ಆಗುವ ಫೈಲನ್ನೇ ನಿಮಗೆ ಕೊಡುತ್ತದೆ. ಅದು ನಿಮ್ಮ ಹಾರ್ಡ್ ಡಿಸ್ಕಿನಲ್ಲಿದ್ದರೆ ಅಂಗಡಿ ಮುಚ್ಚಿದರೂ ಆಟ ಉಳಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ಮೊದಲೆರಡು ವಾರ್‌ಕ್ರಾಫ್ಟ್‌ಗಳನ್ನು, ರಿಮಾಸ್ಟರ್ ಬಂದ ಬೆನ್ನಲ್ಲೇ, ಬ್ಲಿಜಾರ್ಡ್ ಗಾಗ್‌ನಿಂದ ಹಿಂದಕ್ಕೆ ಪಡೆಯಿತು. ಮೊದಲೇ ಕೊಂಡಿದ್ದವರ ಆಟಕ್ಕೆ ಏನೂ ಆಗಲಿಲ್ಲ.

ಆದರೆ ಕೊಂಡು ಸುಮ್ಮನೆ ಬಿಡುವವರೇ ಹೆಚ್ಚು. ಇಳಿಸಿಕೊಳ್ಳದಿದ್ದರೆ ಡಿಆರ್‌ಎಂ ಇಲ್ಲದ ಆಟ ಕೊಂಡು ಏನು ಬಂತು? ಗ್ಯಾಲಕ್ಸಿ ಎಂಬ ಅವರ ಲಾಂಚರ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ದನ್ನು ಬ್ಯಾಕಪ್ ಎಂದುಕೊಳ್ಳಬೇಡಿ. ಆಫ್‌ಲೈನ್ ಇನ್‌ಸ್ಟಾಲರ್ ಎಂದಿರುವುದನ್ನೇ ಇಳಿಸಿ. ದೊಡ್ಡ ಆಟವಾದರೆ ಒಂದು ಇಎಕ್ಸ್‌ಇ ಜೊತೆ ಹಲವು ಬಿನ್ ಫೈಲುಗಳಿರುತ್ತವೆ, ಒಂದು ಬಿಟ್ಟರೂ ಆಟ ಕೂರದು. ಇಳಿಸಿದ ದಿನವೇ ವೈಫೈ ಆಫ್ ಮಾಡಿ, ಸಾಧ್ಯವಾದರೆ ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ, ಇನ್‌ಸ್ಟಾಲ್ ಮಾಡಿ ಆಡಿ ನೋಡಿ. ಒಂದೇ ಡಿಸ್ಕನ್ನು ನಾನು ನಂಬುವುದಿಲ್ಲ, ಎರಡರಲ್ಲಿ ಇಡುತ್ತೇನೆ. ಹಲವರು ಕೂಡಿ ಆಡುವ ಕೆಲವು ಆಟಗಳಿಗೆ ಗಾಗ್‌ನಲ್ಲೂ ಲಾಂಚರ್ ಬೇಕಾಗುತ್ತದೆ, ಅದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ಸ್ಟೀಮ್‌ನಲ್ಲಿ ಇರುವುದೆಲ್ಲ ಡಿಆರ್‌ಎಂ ಹಾಕಿದ್ದೇ?

ಅಲ್ಲ. ಅದು ಆಟ ಮಾಡಿದವರ ಇಷ್ಟ. ಸ್ಟೀಮ್ ಪೂರ್ತಿ ಮುಚ್ಚಿ, ನೆಟ್ ತೆಗೆದು, ಆಟದ ಫೋಲ್ಡರಿನಲ್ಲಿರುವ ಇಎಕ್ಸ್‌ಇಯನ್ನು ನೇರ ಒತ್ತಿ. ತೆರೆದರೆ ಬೀಗವಿಲ್ಲ, ಫೋಲ್ಡರನ್ನು ನಕಲು ಮಾಡಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ಹೊಸ ಕಾಯ್ದೆಗೆ ಸಹಿ ಬಿದ್ದ ಮೇಲೆ, 2024ರ ಅಕ್ಟೋಬರ್‌ನಿಂದ, ದುಡ್ಡು ಕಟ್ಟುವ ಪುಟದಲ್ಲೇ 'ಇದು ಪರವಾನಗಿ ಮಾತ್ರ' ಎಂದು ಸ್ಟೀಮ್ ಬರೆದಿದೆ. ಓದದೆ ಮುಂದೆ ಹೋದವರು ಆಮೇಲೆ ನನಗೆ ಬರೆಯಬೇಡಿ.

ಪ್ರಶ್ನೆ: ಡಿಆರ್‌ಎಂ ಇಲ್ಲ ಅಂದಮೇಲೆ ಗೆಳೆಯರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬಹುದಲ್ಲ?

ಕೂಡದು. ಕಾನೂನುಬದ್ಧವಾಗಿ ಪಡೆದ ಪ್ರೋಗ್ರಾಂನ ಬ್ಯಾಕಪ್ ಇಟ್ಟುಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಹಂಚಲು ಕೊಡುವುದಿಲ್ಲ. ನೀವು ಹೀಗೆ ಹಂಚುವುದನ್ನೇ ತೋರಿಸಿ ಕಂಪನಿಗಳು ಇನ್ನೂ ಗಟ್ಟಿ ಬೀಗ ಹಾಕುತ್ತವೆ.

ಪ್ರಶ್ನೆ: 'ಅಬ್ಯಾಂಡನ್‌ವೇರ್' ಆದ, ಅಂದರೆ ಕಂಪನಿ ಮಾರುವುದನ್ನೇ ಬಿಟ್ಟ ಆಟಗಳು ಎಲ್ಲರಿಗೂ ಉಚಿತ ಎನ್ನುತ್ತಾರೆ, ನಿಜವೆ?

ಸುಳ್ಳು. ಅಂಗಡಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಹಕ್ಕು ಯಾರದೂ ಅಲ್ಲ ಎಂದಾಗುವುದಿಲ್ಲ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಇದು ದುರಂತವೇ. ಆದರೂ ಕಾನೂನು ಬದಲಾಗಿಲ್ಲ.

ಪ್ರಶ್ನೆ: ಏಜ್ ಆಫ್ ಎಂಪೈರ್ಸ್ 2, ಹಳೆಯದೋ ಡೆಫಿನಿಟಿವ್ ಎಡಿಷನ್ನೋ?

2019ರ ಡೆಫಿನಿಟಿವ್ ಎಡಿಷನ್, ಎರಡು ಮಾತಿಲ್ಲ. 2022ರ ವಿಸ್ತರಣೆಯಲ್ಲಿ ದ್ರಾವಿಡರೂ ಇದ್ದಾರೆ, ರಾಜೇಂದ್ರ ಚೋಳನ ಕ್ಯಾಂಪೇನ್ ಆಡಿ ನೋಡಿ.

ಪ್ರಶ್ನೆ: ಹತ್ತು ವರ್ಷದ ಮಗ ಜಿಟಿಎ ಬೇಕೆಂದು ಹಟ ಹಿಡಿದಿದ್ದಾನೆ.

ಬೇಡ. ಅದು ವಯಸ್ಕರ ಆಟ. ಮೇಲಿನ ಉತ್ತರ ಓದಿಸಿ, ಏಜ್ ಆಫ್ ಎಂಪೈರ್ಸ್ ಕೊಡಿಸಿ.

ಪ್ರಶ್ನೆ: ಹೊಸ ಅಗಲ ಮಾನಿಟರಿನಲ್ಲಿ ಹಳೆಯ ಆಟದ ಮನುಷ್ಯರೆಲ್ಲ ದಪ್ಪಗೆ ಕಾಣುತ್ತಾರೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಲೆ?

ಕಾರ್ಡಿಗೆ ದುಡ್ಡು ಸುರಿಯಬೇಡಿ. ಆ ಆಟಗಳನ್ನು 4:3 ಅಳತೆಯ ಪರದೆಗೆ ಬಿಡಿಸಿದ್ದರು, ನಿಮ್ಮದು 16:9, ಚಿತ್ರ ಅಡ್ಡಕ್ಕೆ ಹಿಗ್ಗಿದೆ. ಗ್ರಾಫಿಕ್ಸ್ ಡ್ರೈವರಿನ ಸೆಟ್ಟಿಂಗ್‌ಗೆ ಹೋಗಿ ಸ್ಕೇಲಿಂಗ್ ಎಂಬಲ್ಲಿ 'ಆಸ್ಪೆಕ್ಟ್ ರೇಷಿಯೊ' ಆರಿಸಿ. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಬರಲಿ, ಹಾಗೇ ಇರಬೇಕು.