‘ಬಾಂಬೆ ಟಾಕೀಸ್’ ಈಗ ನೋಡಬಹುದಾ? ನಾಲ್ಕು ಕಥೆಗಳಲ್ಲಿ ಯಾವುದು ಚೆನ್ನಾಗಿದೆ?

ಖಂಡಿತ ನೋಡಿ. ಭಾರತೀಯ ಸಿನಿಮಾಕ್ಕೆ ನೂರು ವರ್ಷ ತುಂಬಿದ್ದಕ್ಕೆ ನಾಲ್ವರು ನಿರ್ದೇಶಕರು ಒಂದೊಂದು ಕಥೆ ಹೇಳಿದ ಹಿಂದಿ ಚಿತ್ರ ಇದು. ಸಿನಿಮಾದ ನೂರು ವರ್ಷದ ಹಬ್ಬ ಅಂದ ಮೇಲೆ ಹಳೇ ನಟರ, ನಿರ್ದೇಶಕರ ಗುಣಗಾನ ಇರುತ್ತದೆ ಅಂತ ಅನಿಸುವುದು ಸಹಜ. ಇಲ್ಲಿ ಹಾಗಿಲ್ಲ. ಈ ಕಥೆಗಳ ತುಂಬ ಇರುವವರು ಸಿನಿಮಾ ಮಾಡುವವರಲ್ಲ, ನೋಡುವವರು. ಅಂದರೆ ನಮ್ಮ ನಿಮ್ಮಂಥವರು. ನನಗೆ ಇಷ್ಟವಾಗಿದ್ದೇ ಅದಕ್ಕೆ.

ನನ್ನ ಆಯ್ಕೆ ‘ಸ್ಟಾರ್’. ನಿರ್ದೇಶನ ದಿಬಾಕರ್ ಬ್ಯಾನರ್ಜಿ, ಮೂಲ ಸತ್ಯಜಿತ್ ರೇ ಬರೆದ ಸಣ್ಣಕಥೆ. ನವಾಜುದ್ದೀನ್ ಸಿದ್ದಿಕಿ ಮುಂಬೈ ಚಾಳಿನಲ್ಲಿರುವ ಸೋತ ನಟ. ಕೈಯಲ್ಲಿ ಕೆಲಸವಿಲ್ಲ. ಮನೆಯಲ್ಲಿ ಹುಷಾರಿಲ್ಲದ ಮಗಳು, ಅವಳಿಗೆ ಅಪ್ಪನ ಬಾಯಿಂದ ಕಥೆ ಕೇಳಬೇಕು. ಅಕಸ್ಮಾತ್ ಒಂದು ಶೂಟಿಂಗಿನಲ್ಲಿ ಅವನಿಗೆ ಅವಕಾಶ ಸಿಗುತ್ತದೆ. ಪಾತ್ರ ಏನು ಗೊತ್ತಾ? ಹೀರೋಗೆ ಡಿಕ್ಕಿ ಹೊಡೆಯುವ ದಾರಿಹೋಕ. ಆ ಒಂದು ಕ್ಷಣಕ್ಕಾಗಿ ಅವನು ಮಾಡಿಕೊಳ್ಳುವ ತಯಾರಿ ನೋಡಬೇಕು! ರಂಗಭೂಮಿಯ ಹಿರಿಯರಾಗಿ ಸದಾಶಿವ ಅಮ್ರಾಪುರ್ಕರ್ ಎದುರು ಬಂದು ಅವನನ್ನು ಕೆಣಕುವ ದೃಶ್ಯವಂತೂ ಬಹಳ ಚೆನ್ನಾಗಿದೆ. ಮನೆಗೆ ಬಂದವನು ಮಗಳ ಮುಂದೆ ಆ ದಿನದ್ದನ್ನೆಲ್ಲ ಅಭಿನಯಿಸಿ ತೋರಿಸುತ್ತಾನೆ. ಅಲ್ಲಿ ಅವನ ಮಾತು ಕೇಳಿಸುವುದಿಲ್ಲ, ಬರೀ ಕೈ, ಕಣ್ಣು, ಮುಖ. ನನಗೆ ಅಳು ತಡೆಯಲಾಗಲಿಲ್ಲ.

ಬಾಗಲಕೋಟೆ ಕಡೆಯ ನಮಗೆ ಇದು ಜಾಸ್ತಿ ತಾಗುತ್ತದೆ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದವರು ನಾವು. ಎರಡೇ ಮಾತಿನ ಪಾತ್ರಕ್ಕೂ ಸಂಜೆಯಿಂದಲೇ ಬಣ್ಣ ಹಚ್ಚಿ ಕೂರುವ ನಟರು ನಮಗೆ ಹೊಸಬರಲ್ಲ.

ಎರಡನೇ ಸ್ಥಾನ ಅನುರಾಗ್ ಕಶ್ಯಪ್ ಅವರ ‘ಮುರಬ್ಬಾ’ಗೆ. ಮುರಬ್ಬಾ ಅಂದರೆ ಸಕ್ಕರೆ ಪಾಕದಲ್ಲಿಟ್ಟ ಹಣ್ಣು. ಅಲಹಾಬಾದಿನ ಅಪ್ಪನಿಗೆ ಕಾಯಿಲೆ. ಅಮಿತಾಭ್ ಬಚ್ಚನ್ ಅರ್ಧ ತಿಂದು ಬಿಟ್ಟ ಮುರಬ್ಬಾ ತನಗೆ ಬೇಕು ಅಂತ ಮಗನನ್ನು ಮುಂಬೈಗೆ ಕಳಿಸುತ್ತಾನೆ. ಮುಂದಿನದು ಹೇಳಲ್ಲ, ನೋಡಿ. ಜೋಯಾ ಅಖ್ತರ್ ಕಥೆಯ ಹುಡುಗನಿಗೆ ಕತ್ರಿನಾ ಕೈಫ್ ಥರ ಕುಣಿಯುವ ಆಸೆ, ಅಪ್ಪನಿಗೆ ಅವನು ಫುಟ್‌ಬಾಲ್ ಆಡಬೇಕು. ಹಗುರವಾಗಿದೆ, ಮುದ್ದಾಗಿದೆ. ಕರಣ್ ಜೋಹರ್ ಕಥೆಯಲ್ಲಿ ರಾಣಿ ಮುಖರ್ಜಿ ನಟನೆ ಗಟ್ಟಿ, ಆದರೆ ಹಳೇ ಹಾಡುಗಳನ್ನು ಬಿಟ್ಟರೆ ಸಿನಿಮಾದ ನಂಟು ಕಡಿಮೆ.

ನನಗೆ ಬೇಸರ ಇರುವುದು ಒಂದೇ ವಿಷಯಕ್ಕೆ. ಭಾರತದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರ, ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಕಂಡಿದ್ದು 1913ರ ಮೇ 3ರಂದು. ಸರಿಯಾಗಿ ನೂರು ವರ್ಷಕ್ಕೆ, 2013ರ ಮೇ 3ರಂದೇ ಈ ಚಿತ್ರ ಬಂತು. ಆ ದಿನ ಎಲ್ಲ ಭಾಷೆಯವರದ್ದೂ ಅಲ್ವಾ? ಆದರೆ ಇಲ್ಲಿ ಸಂಭ್ರಮವೆಲ್ಲ ಹಿಂದಿಯದ್ದೇ. ಕೊನೆಯ ಹಾಡಿನಲ್ಲೂ ಹಿಂದಿ ತಾರೆಯರ ಸಾಲು.

ಹಾಗೆ ನೋಡಿದರೆ ಬಾಂಬೆ ಟಾಕೀಸ್ ಎಂಬ ಹೆಸರಿಗೂ ನಮ್ಮ ಜಿಲ್ಲೆಗೂ ಹಳೇ ಸಂಬಂಧವಿದೆ. ಅದು 1934ರಲ್ಲಿ ಹಿಮಾಂಶು ರಾಯ್, ದೇವಿಕಾ ರಾಣಿ ಕಟ್ಟಿದ ಸ್ಟುಡಿಯೊ. ಅವರ ಸಂಸ್ಥೆಯಿಂದ 1943ರಲ್ಲಿ ಬಂದ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಥೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದರಲ್ಲಿ ಹಾಡಿದವರು ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ. ಬ್ರಿಟಿಷರ ಆಳ್ವಿಕೆಯಲ್ಲೇ ಜನ ಎದೆಯುಬ್ಬಿಸಿ ಕೇಳಿದ ‘ದೂರ್ ಹಟೋ’ (ದೂರ ತೊಲಗಿ) ಹಾಡಿನಲ್ಲಿ ಖಾನ್ ಮಸ್ತಾನಾ ಜೊತೆ ಇರುವ ಹೆಣ್ಣುದನಿ ಅವರದೇ. ಮುಂದೆ ಅವರು ವಿಜಯಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. ನೂರು ವರ್ಷದ ನೆನಪಿನಲ್ಲಿ ಇಂಥವರಿಗೂ ಒಂದು ಜಾಗ ಬೇಕಿತ್ತು. ಅವರ ಬಗ್ಗೆ ರಹಮತ್ ತರೀಕೆರೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ, ಸಿಕ್ಕರೆ ಓದಿ.

ಬಿಡಿಬಿಡಿ ಕಥೆಗಳ ಸಿನಿಮಾ ನಿಮಗೆ ಹಿಡಿಸಿದರೆ, ಪುಟ್ಟಣ್ಣ ಕಣಗಾಲ್ ಅವರ 1976ರ ‘ಕಥಾಸಂಗಮ’ವನ್ನೂ ನೋಡಿ. ಕನ್ನಡದ ಮೂರು ಸಣ್ಣಕಥೆಗಳು ಅದರಲ್ಲಿವೆ. ‘ಮುನಿತಾಯಿ’ ಎಂಬ ಕಥೆಯಲ್ಲಿ, ಆಗಿನ್ನೂ ಹೊಸಬರಾಗಿದ್ದ ರಜನಿಕಾಂತ್ ಇದ್ದಾರೆ.