ತೀರಿಹೋದವರ ನೆನಪಿನ ‘ಕ್ಯಾರೆಕ್ಟರ್ ಅವಾರ್ಡ್’ ಸಮಾಧಾನಕರ ಬಹುಮಾನವೇ?

ಅಮೆರಿಕದ ಹೈಸ್ಕೂಲಿನಲ್ಲಿ ಬೇಸ್‌ಬಾಲ್ ಆಡುವ ನಿಮ್ಮ ಅಕ್ಕನ ಮಗನಿಗೆ, ತೀರಿಹೋದ ಹಳೇ ಆಟಗಾರನೊಬ್ಬನ ಹೆಸರಿನ ಕ್ಯಾರೆಕ್ಟರ್ ಅವಾರ್ಡ್, ಅಂದರೆ ಒಳ್ಳೇ ನಡತೆಗೆ ಕೊಡುವ ಬಹುಮಾನ, ಬಂದಿದೆ. ಇದು ಅಷ್ಟೇನೂ ಚೆನ್ನಾಗಿ ಆಡದವರಿಗೆ ಕೊಡುವ ಸಮಾಧಾನಕರ ಬಹುಮಾನವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನನ್ನ ಮಗನೂ ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ತಂಡಕ್ಕೆ ಆಡಿದವನು. ಸೀಸನ್ ಕೊನೆಗೆ ಕೊಡುವ ಬಹುಮಾನಗಳಲ್ಲಿ ನನಗೆ ಇದೇ ದೊಡ್ಡದು.

ಬೇಸ್‌ಬಾಲ್‌ನಲ್ಲಿ ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು), ರನ್, ಎರರ್ (ಫೀಲ್ಡಿಂಗ್ ತಪ್ಪು) ಎಲ್ಲಕ್ಕೂ ಲೆಕ್ಕ ಇದೆ. ಆದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಹುಡುಗನನ್ನು ಸ್ವಲ್ಪ ಗಮನಿಸಿ. ಬೇಸ್‌ಗಳಲ್ಲಿ ಬ್ಯಾಟಿಂಗ್ ತಂಡದವರು ಯಾರೂ ಇಲ್ಲದಾಗ ಬ್ಯಾಟರ್ ಚೆಂಡನ್ನು ನೆಲಕ್ಕೆ ಹೊಡೆದು ಫಸ್ಟ್ ಬೇಸ್ ಕಡೆ ಓಡಿದರೆ, ಕ್ಯಾಚರ್ ಕೂಡ ಎದ್ದು ಅತ್ತ ಓಡಬೇಕು. ಎದೆಗೆ, ಕಾಲಿಗೆ ಪ್ಯಾಡ್ ಕಟ್ಟಿಕೊಂಡೇ. ಫೀಲ್ಡರ್ ಫಸ್ಟ್ ಬೇಸ್‌ಗೆ ಎಸೆದ ಥ್ರೋ ತಪ್ಪಿದರೆ ಹಿಂದೆ ತಡೆಯಲು ಒಬ್ಬರು ಇರಲಿ ಅಂತ. ಹೆಚ್ಚಿನ ಸಲ ಥ್ರೋ ತಪ್ಪುವುದೇ ಇಲ್ಲ. ಸುಮ್ನೆ ವಾಪಸ್ ಬಂದು ಮತ್ತೆ ಕುಕ್ಕರಗಾಲಲ್ಲಿ ಕೂರಬೇಕು. ಹೈಸ್ಕೂಲ್ ಪಂದ್ಯಕ್ಕೆ 7 ಇನಿಂಗ್ಸ್. ಸೋಲು ಗ್ಯಾರಂಟಿ ಅಂತ ಗೊತ್ತಾದ ಮೇಲೂ ಏಳನೇ ಇನಿಂಗ್ಸ್‌ನಲ್ಲಿ ಹಾಗೆ ಓಡುವವನಿಗೆ ಸ್ಕೋರ್ ಪುಸ್ತಕದಲ್ಲಿ ಒಂದು ಗೀಟೂ ಬೀಳುವುದಿಲ್ಲ. ಕೋಚ್ ನೋಡಿರುತ್ತಾರೆ, ಅಷ್ಟೇ. ಸ್ಟ್ರೈಕ್‌ಔಟ್ ಆದವನು ಹೆಲ್ಮೆಟ್ ಬಿಸಾಡಿದನಾ, ಆಟ ಮುಗಿದ ಮೇಲೆ ಚೆಂಡು ಎಸೆಯುವ ಪಿಚರ್ ನಿಲ್ಲುವ ಮಣ್ಣನ್ನು ಯಾರು ಸಮ ಮಾಡಿದರು, ಅದನ್ನೂ ನೋಡಿರುತ್ತಾರೆ. ಈ ಅವಾರ್ಡ್ ಅಂಥದ್ದಕ್ಕೆ.

ವೃತ್ತಿಪರ ಬೇಸ್‌ಬಾಲ್‌ನಲ್ಲೂ ಇಂಥ ಗೌರವಕ್ಕೆ ದೊಡ್ಡ ಬೆಲೆ ಇದೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ರಾಬರ್ಟೊ ಕ್ಲೆಮೆಂಟೆ ಪೋರ್ಟೊ ರಿಕೊದವರು. 1972ರ ಡಿಸೆಂಬರ್‌ನಲ್ಲಿ ನಿಕರಾಗುವಾದಲ್ಲಿ ಭೂಕಂಪ ಆಯಿತು. ಕಳಿಸಿದ ನೆರವು ಸಂತ್ರಸ್ತರ ಕೈಗೆ ಸೇರುತ್ತಿಲ್ಲ ಎಂಬ ಸುದ್ದಿ ಬಂದಾಗ, ಸಾಮಾನಿನ ಜೊತೆ ತಾವೇ ವಿಮಾನ ಹತ್ತಿದರು. ಡಿಸೆಂಬರ್ 31ರ ರಾತ್ರಿ ಅದು ಸಮುದ್ರಕ್ಕೆ ಬಿತ್ತು. ಅವರಿಗಿನ್ನೂ 38 ವರ್ಷ. ಆ ಸೆಪ್ಟೆಂಬರ್‌ನಲ್ಲಷ್ಟೇ 3,000ನೇ ಹಿಟ್ ಹೊಡೆದಿದ್ದರು, ಪ್ಲೇಆಫ್ ಪಂದ್ಯಗಳನ್ನು ಬಿಟ್ಟರೆ ಅದೇ ಅವರ ಕೊನೆಯ ಹಿಟ್ ಆಯಿತು. ನಡತೆ ಮತ್ತು ಸಮಾಜಸೇವೆಗೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಆದ ಮೇಜರ್ ಲೀಗ್ ಕೊಡುತ್ತಿದ್ದ ಪ್ರಶಸ್ತಿಗೆ 1973ರಲ್ಲಿ ಅವರ ಹೆಸರಿಟ್ಟರು. ಈಗ 30 ತಂಡಗಳೂ ವರ್ಷಕ್ಕೊಬ್ಬರ ಹೆಸರು ಸೂಚಿಸುತ್ತವೆ. ಅದನ್ನು ಗೆದ್ದವರಲ್ಲಿ ವಿಲ್ಲಿ ಮೇಸ್ ಅಂಥ ಘಟಾನುಘಟಿಗಳೂ ಇದ್ದಾರೆ. ಸಮಾಧಾನಕ್ಕೆ ಕೊಟ್ಟದ್ದು ಅಂತ ಯಾರಾದರೂ ಅಂದಾರಾ?

ಶಾಲೆಗಳಲ್ಲಿ ಇದು ಇನ್ನೂ ಆಪ್ತವಾದದ್ದು. ಸಾಮಾನ್ಯವಾಗಿ ಮಗನನ್ನೋ ಅಣ್ಣನನ್ನೋ ಕಳೆದುಕೊಂಡ ಮನೆಯವರು, ಇಲ್ಲವೇ ಅವನ ಜೊತೆ ಆಡಿದವರು ದುಡ್ಡು ಸೇರಿಸಿ ಅವಾರ್ಡ್ ಶುರು ಮಾಡಿರುತ್ತಾರೆ. ಎಷ್ಟೋ ಕಡೆ ಮನೆಯವರೇ ಬಂದು ಕೈಯಾರೆ ಕೊಡುತ್ತಾರೆ. ನಾನು ನೋಡಿದ ಸಮಾರಂಭದಲ್ಲಿ ಆ ತಾಯಿ ಫಲಕ ಕೊಟ್ಟ ಮೇಲೂ ಹುಡುಗನ ಕೈ ಬಿಡಲಿಲ್ಲ. ಇಡೀ ಹಾಲ್ ಎದ್ದು ನಿಂತಿತ್ತು. ಚೆನ್ನಾಗಿ ಆಡಿದ್ದಕ್ಕೆ ಕೊಟ್ಟ ಯಾವ ಬಹುಮಾನಕ್ಕೂ ಅವತ್ತು ಯಾರೂ ಹಾಗೆ ಎದ್ದಿರಲಿಲ್ಲ.

ಕಾಲೇಜ್ ಅರ್ಜಿಯಲ್ಲಿ ಇದನ್ನು ಧಾರಾಳವಾಗಿ ಹಾಕಬಹುದು, ಮುಜುಗರ ಬೇಡ. ಅದಕ್ಕೂ ಮೊದಲು ಆ ಮನೆಯವರಿಗೆ ಅವನ ಕೈಯಲ್ಲೇ ಒಂದು ಪತ್ರ ಬರೆಸಿ. ಬರೀ ಥ್ಯಾಂಕ್ಸ್ ಸಾಲದು. ಅವರ ಹುಡುಗ ಯಾವ ಜಾಗದಲ್ಲಿ ಆಡುತ್ತಿದ್ದ, ಹೇಗಿದ್ದ ಅಂತ ಕೇಳಲಿ. ಹೇಳೋಕೆ ಅವರಿಗೆ ಬೇಕಾದಷ್ಟು ಇರುತ್ತೆ.