ಡೀನ್ ಕಾಗದಪತ್ರ: ಜೋಡಿಸುವುದು ಹೇಗೆ?

ಪ್ರಶ್ನೆ: ಲೂಸಿ ಡಿಗ್ಸ್ ಸ್ಲೋ ಅವರಂಥ, ಅಂದರೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಹೊಣೆ ಹೊತ್ತ ಮಹಿಳಾ ಡೀನ್‌ಗಳ ಖಾಸಗಿ ಕಾಗದಪತ್ರಗಳನ್ನು ತಾರೀಕಿನ ಪ್ರಕಾರ ಜೋಡಿಸಿದರೆ ಸಾಲದೇ?

ಉತ್ತರ: ಸಾಲದು. ಸ್ಲೋ 1922ರಿಂದ 1937ರಲ್ಲಿ ತೀರಿಕೊಳ್ಳುವವರೆಗೂ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಮಹಿಳಾ ಡೀನ್. ಜೊತೆಗೆ ಕಪ್ಪು ಪದವೀಧರೆಯರ ರಾಷ್ಟ್ರೀಯ ಸಂಘದ ಮೊದಲ ಅಧ್ಯಕ್ಷೆ. ಇಂಥವರ ಹಾಸ್ಟೆಲ್ ಪತ್ರವೂ ಸಂಘದ ಪತ್ರವೂ ಒಂದೇ ಕಡತದಲ್ಲಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ತಾರೀಕಿಗೆಂದು ಬಿಡಿಸಿದರೆ ಆ ನಂಟೇ ಕಳೆದುಹೋಗುತ್ತದೆ. ಮೂಲ ಕ್ರಮ ಕದಲಿಸಬೇಡಿ. ಹಳೆಯ ಕಡತದ ಮೇಲಿನ ಬರಹವನ್ನು ಹೊಸದಕ್ಕೆ ಪೆನ್ಸಿಲ್ಲಿನಲ್ಲೇ ಇಳಿಸಿ.

ತುಕ್ಕು ಹಿಡಿದ ಕ್ಲಿಪ್ಪನ್ನು ಎಳೆದರೆ ಕಾಗದ ಹರಿಯುತ್ತದೆ. ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಕ್ಲಿಪ್ಪಿನ ಕಾಲು ಮೆಲ್ಲಗೆ ಎತ್ತಿ ತೆಗೆಯಿರಿ. ಪತ್ರಿಕಾ ತುಣುಕಿನ ಆಮ್ಲ ಪಕ್ಕದ ಪತ್ರಕ್ಕೂ ಕಂದು ಕಲೆ ಹಚ್ಚುತ್ತದೆ. ಆಮ್ಲರಹಿತ ಹಾಳೆಗೆ ನಕಲು ತೆಗೆದು, ಮೂಲವನ್ನು ಬೇರೆ ಇಡಿ. ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸಲಾಗದು.